ರಾಕ್ ಸಂಗೀತ ಕಛೇರಿ: ಸಿದ್ಧತೆ, ಸುರಕ್ಷತೆ ಮತ್ತು ಸವಿ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಗಂಟೆಗಟ್ಟಲೆ ಕುಳಿತು ಕಲೆಯನ್ನು ಸವಿಯುವುದು ಹೊಸ ಸಂಗತಿಯೇನಲ್ಲ. ಊರಿನಿಂದ ಮೇಳ ಬಂದಾಗ ಬೆಳಗಿನವರೆಗೆ ಯಕ್ಷಗಾನ ನೋಡಿದವರು ನಮ್ಮಲ್ಲಿದ್ದಾರೆ. ಮಾತುಂಗದ ಷಣ್ಮುಖಾನಂದ ಸಭಾಗೃಹದಲ್ಲಿ ತಲೆದೂಗಿದವರಿದ್ದಾರೆ. ಪುಣೆಯ ಸವಾಯಿ ಗಂಧರ್ವ ಮಹೋತ್ಸವಕ್ಕೆ ಶಾಲು, ಫ್ಲಾಸ್ಕು, ಬುತ್ತಿಗಳೊಡನೆ ಹೊರಡುತ್ತಿದ್ದ ಹಿರಿಯರೂ ಇದ್ದಾರೆ. ಏನು ಹೊದೆಯಬೇಕು, ಯಾವಾಗ ಉಣ್ಣಬೇಕು, ಎಲ್ಲಿ ಕುಳಿತರೆ ಚೆನ್ನಾಗಿ ಕೇಳುತ್ತದೆ ಎಂಬುದನ್ನು ಅವರಾರೂ ಪುಸ್ತಕದಿಂದ ಕಲಿತವರಲ್ಲ. ತಮ್ಮ ಹಿರಿಯರ ಜೊತೆಯಲ್ಲಿ ಹೋಗಿ ಬಂದು ಕಲಿತವರು.

ಆದರೆ ಇಂದು ನಮ್ಮ ಮಕ್ಕಳು ಹಂಬಲಿಸುವ ರಾಕ್ ಸಂಗೀತ ಕಛೇರಿಗಳ ವಿಷಯದಲ್ಲಿ ಇಂತಹ ಪರಂಪರೆ ನಮ್ಮ ಮನೆಗಳಲ್ಲಿಲ್ಲ. ಹಿರಿಯರು ‘ಅದೆಲ್ಲ ಬರಿಯ ಗದ್ದಲ’ ಎಂದು ಕೈಕೊಡವಿಬಿಡುತ್ತಾರೆ. ಕಿರಿಯರು ಹಿರಿಯರನ್ನು ಕೇಳಿ ಪ್ರಯೋಜನವಿಲ್ಲವೆಂದು ತಾವೇ ಹೊರಟುಬಿಡುತ್ತಾರೆ. ಈ ಮೌನದಿಂದ ನಷ್ಟಕ್ಕೆ ಗುರಿಯಾಗುವುದು ಮಕ್ಕಳ ಕಿವಿ. ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚಿನದು. ಈ ಲೇಖಕನು ವೈದ್ಯನಲ್ಲ, ಸಂಗೀತಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಕೆಲಸಮಾಡುವವನು. ಆದರೂ ಮಗಳ ತಂದೆಯಾಗಿ ಈ ವಿಷಯವನ್ನು ಓದಿ, ಕೇಳಿ, ಸ್ವತಃ ಹೋಗಿ ನೋಡಿ ತಿಳಿದುಕೊಂಡುದನ್ನು ಸಂಘದ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ರಾಕ್ ಸಂಗೀತದ ಹಿನ್ನೆಲೆ

ರಾಕ್ ಸಂಗೀತವು 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಕರಿಯ ಜನಾಂಗದವರ ಬ್ಲೂಸ್ ಮತ್ತು ಹಳ್ಳಿಗಾಡಿನ ಜನಪದ ಧಾಟಿಗಳು ಅದರ ತಾಯಿಬೇರು. ವಿದ್ಯುತ್ ಗಿಟಾರು, ಮಂದ್ರಸ್ವರಗಳ ಬೇಸ್ ಗಿಟಾರು, ಡ್ರಮ್ಸ್ ಮತ್ತು ಗಾಯಕ ಇವು ಅದರ ನಾಲ್ಕು ಕಂಬಗಳು. ಧ್ವನಿಯನ್ನು ವಿದ್ಯುತ್ತಿನಿಂದ ಹಿಗ್ಗಿಸುವುದು ಈ ಸಂಗೀತಕ್ಕೆ ಕೇವಲ ಅನುಕೂಲವಲ್ಲ, ಅದರ ಸ್ವಭಾವವೇ ಆಗಿದೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡವು 55,000ಕ್ಕೂ ಮಿಕ್ಕ ಜನರ ಮುಂದೆ ಹಾಡಿದಾಗ, ಅಂದಿನ ಧ್ವನಿವರ್ಧಕಗಳು ಅಭಿಮಾನಿಗಳ ಕಿರುಚಾಟದ ಮುಂದೆ ಸೋತವು. ಅಲ್ಲಿಂದೀಚೆಗೆ ಧ್ವನಿವರ್ಧಕಗಳು ಬೆಳೆದ ಬಗೆಯೇ ಬೇರೆ.

ಭಾರತೀಯ ಸಂಗೀತಕ್ಕೂ ಇದಕ್ಕೂ ನಂಟಿಲ್ಲವೆಂದು ತಿಳಿಯಬೇಕಾಗಿಲ್ಲ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಸೇರಿ ನಡೆಸಿದ ಕಛೇರಿಯ ಆರಂಭವೇ ಸಿತಾರ್–ಸರೋದ್ ಜುಗಲ್‌ಬಂದಿ. ಅಲಿ ಅಕ್ಬರ್ ಖಾನರೂ ಅಲ್ಲಾ ರಖಾ ಅವರೂ ವೇದಿಕೆಯ ಮೇಲಿದ್ದರು. ವಾದ್ಯಗಳನ್ನು ಶ್ರುತಿಗೊಳಿಸಿಕೊಂಡು ಮುಗಿಸುತ್ತಲೇ ಸಭಿಕರು ಅದನ್ನೇ ಕಛೇರಿಯೆಂದು ತಿಳಿದು ಚಪ್ಪಾಳೆ ತಟ್ಟಿದರು. ರವಿಶಂಕರರು ನಗುತ್ತ, ಶ್ರುತಿ ಮಾಡಿದ್ದೇ ಇಷ್ಟು ಮೆಚ್ಚಿಗೆಯಾದರೆ ವಾದನ ಇನ್ನೂ ಮೆಚ್ಚಿಗೆಯಾದೀತು ಎಂಬರ್ಥದ ಮಾತನ್ನಾಡಿದರು. ಅಪರಿಚಿತ ಸಂಗೀತದ ಮುಂದೆ ಸಿದ್ಧತೆಯಿಲ್ಲದೆ ಕುಳಿತರೆ ಏನಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ. ಇಂದು ನಾವು ಅಂದಿನ ಆ ಸಭಿಕರ ಸ್ಥಾನದಲ್ಲಿದ್ದೇವೆ, ಅಷ್ಟೆ.

ನಮ್ಮ ದೇಶದಲ್ಲಿಯೂ ಇದರ ಇತಿಹಾಸ ಸಣ್ಣದಲ್ಲ. ಮುಂಬಯಿಯ ಧೋಬಿ ತಲಾವಿನ ರಂಗಭವನದಲ್ಲಿ 1986ರಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಎಂಬ ಉತ್ಸವ ಆರಂಭವಾಯಿತು. ರೋಲಿಂಗ್ ಸ್ಟೋನ್ಸ್ ತಂಡವು 2003ರಲ್ಲಿ ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಹಾಡಿತು. ಬೆಂಗಳೂರಿನ ಅರಮನೆ ಮೈದಾನವು 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕಂಡಿತು. ನವಿಮುಂಬಯಿಯ ನೆರೂಳಿನಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2019ರ ಡಿಸೆಂಬರಿನಲ್ಲಿ ಯೂಟೂ, 2025ರ ಜನವರಿ 18, 19 ಮತ್ತು 21ರಂದು ಕೋಲ್ಡ್‌ಪ್ಲೇ ತಂಡಗಳ ಕಛೇರಿಗಳು ನಡೆದವು. ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರು–ಡ್ರಮ್ಸುಗಳೊಡನೆ ಹಾಡಿ ಹೊರದೇಶಗಳಿಗೂ ಕೊಂಡೊಯ್ದ ರಘು ದೀಕ್ಷಿತರನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ.

ಟಿಕೆಟ್ಟು: ಹಣದ ಮಾತು

ಬ್ಯಾಂಕಿನವನಾದುದರಿಂದ ಮೊದಲು ಹಣದ ವಿಷಯವನ್ನೇ ಹೇಳುತ್ತೇನೆ. ದೊಡ್ಡ ತಂಡಗಳ ಟಿಕೆಟ್ಟುಗಳು ಈಗ ಬಹುಮಟ್ಟಿಗೆ ಅಂತರಜಾಲದ ಮೂಲಕವೇ ಮಾರಾಟವಾಗುತ್ತವೆ. 2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ಟಿಕೆಟ್ಟುಗಳು ಮಾರಾಟಕ್ಕೆ ಬಂದಾಗ ಲಕ್ಷಗಟ್ಟಲೆ ಜನರು ಸಾಲಿನಲ್ಲಿದ್ದು ನಿರಾಶರಾದರು. ಮರುಮಾರಾಟದ ತಾಣಗಳಲ್ಲಿ ಅದೇ ಟಿಕೆಟ್ಟಿಗೆ ಹಲವು ಪಟ್ಟು ಬೆಲೆ ಹೇಳಲಾಯಿತು. ಇಂತಹ ಸಂದರ್ಭಗಳೇ ಮೋಸಗಾರರಿಗೆ ಸುಗ್ಗಿಯ ಕಾಲ. ಆದುದರಿಂದ ಈ ಕೆಳಗಿನವುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು:

1. ಆಯೋಜಕರು ಅಧಿಕೃತವೆಂದು ಪ್ರಕಟಿಸಿದ ತಾಣದಿಂದಲೇ ಟಿಕೆಟ್ಟು ಕೊಳ್ಳಬೇಕು. ‘ನನ್ನಲ್ಲಿ ಎರಡು ಉಳಿದಿವೆ, ಮುಂಗಡ ಕಳುಹಿಸಿ’ ಎನ್ನುವ ಅಪರಿಚಿತರಿಗೆ ಹಣ ಕಳುಹಿಸಲೇಬಾರದು.

2. ಹಣ ಪಡೆಯಲು ಯಾರೂ ತಮ್ಮ ಯುಪಿಐ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲ. ‘ಹಣ ಹಿಂತಿರುಗಿಸುತ್ತೇವೆ, ಸಂಖ್ಯೆ ಒತ್ತಿ’ ಎಂದರೆ ಅದು ಮೋಸವೇ ಸರಿ. ಒಟಿಪಿಯನ್ನೂ ಯಾರಿಗೂ ಹೇಳಕೂಡದು. ಮೋಸಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು. ತಡಮಾಡಿದಷ್ಟೂ ಹಣ ಕೈತಪ್ಪುವ ಸಂಭವ ಹೆಚ್ಚು.

3. ಸಂತೋಷದ ಭರದಲ್ಲಿ ಟಿಕೆಟ್ಟಿನ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬಾರದು. ಅದರ ಮೇಲಿನ ಸಂಕೇತವನ್ನು ಬೇರೆಯವರು ನಕಲುಮಾಡಬಹುದು.

4. ಟಿಕೆಟ್ಟಿನ ಬೆಲೆ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಪ್ರಯಾಣ, ಊಟ, ಹೊರಗಿನ ಊರಾದರೆ ವಸತಿ ಇವನ್ನೂ ಕೂಡಿಸಿ ನೋಡಬೇಕು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3ರಿಂದ 3.5ರಷ್ಟು ಬಡ್ಡಿ ಬೀಳುವುದು ಸಾಮಾನ್ಯ. ಮೂರು ಗಂಟೆಯ ಸಂಗೀತದ ಸಾಲವನ್ನು ವರ್ಷವಿಡೀ ತೀರಿಸುವಂತಾಗಬಾರದು.

ಶಬ್ದದ ಜಮಾ–ಖರ್ಚು

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ. ಶಬ್ದದ ಅಲೆಗಳಿಗೆ ಇವು ಬಾಗಿ ಏಳುವುದರಿಂದಲೇ ಮೆದುಳಿಗೆ ಸಂದೇಶ ಹೋಗುತ್ತದೆ. ಅತಿಯಾದ ಶಬ್ದಕ್ಕೆ ಇವು ದಣಿಯುತ್ತವೆ. ದಣಿವು ಮಿತಿಮೀರಿದರೆ ಸಾಯುತ್ತವೆ. ಚರ್ಮ, ಮೂಳೆಗಳಂತೆ ಇವು ಮತ್ತೆ ಬೆಳೆಯುವುದಿಲ್ಲ. ಹುಟ್ಟಿನೊಂದಿಗೆ ಬಂದ ಈ ಮೂಲಧನಕ್ಕೆ ಹೊಸ ಜಮೆ ಎಂಬುದೇ ಇಲ್ಲ, ಖರ್ಚು ಮಾತ್ರ.

ಶಬ್ದವನ್ನು ಅಳೆಯುವ ಮಾನ ಡೆಸಿಬಲ್. ಈ ಲೆಕ್ಕದಲ್ಲಿ ಸಾಮಾನ್ಯರಿಗೆ ತಿಳಿಯದಿರುವ ಒಂದು ಗುಟ್ಟಿದೆ. ಡೆಸಿಬಲ್ 3ರಷ್ಟು ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಅಂದರೆ ಕಿವಿಗೆ ಸುರಕ್ಷಿತವಾದ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಕಾರ್ಮಿಕರಿಗೆಂದು ಸೂಚಿಸಿರುವ ಮಿತಿಯನ್ನೇ ತೆಗೆದುಕೊಂಡರೆ, 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. 88ರಲ್ಲಿ 4 ಗಂಟೆ. 91ರಲ್ಲಿ 2 ಗಂಟೆ. 94ರಲ್ಲಿ 1 ಗಂಟೆ. 97ರಲ್ಲಿ ಅರ್ಧ ಗಂಟೆ. 100 ಡೆಸಿಬಲ್ಲಿನಲ್ಲಿ ಕೇವಲ 15 ನಿಮಿಷ. ಚಕ್ರಬಡ್ಡಿಯು ನಮ್ಮ ವಿರುದ್ಧ ಬೆಳೆದಂತೆಯೇ ಇದು.

ರಾಕ್ ಕಛೇರಿಗಳಲ್ಲಿ ಶಬ್ದ 100 ಡೆಸಿಬಲ್ ಇರುವುದು ಸಾಮಾನ್ಯ. ವೇದಿಕೆಯ ಹತ್ತಿರ ಅದಕ್ಕೂ ಮೀರುವುದುಂಟು. ಎರಡೂವರೆ ಗಂಟೆಯೆಂದರೆ 150 ನಿಮಿಷ. ದಿನಕ್ಕೆ 15 ನಿಮಿಷದ ಮಿತಿಯಿರುವಲ್ಲಿ 150 ನಿಮಿಷ ಕೇಳಿದವನು ಒಂದೇ ಸಂಜೆಯಲ್ಲಿ ಹತ್ತು ದಿನಗಳ ಪಾಲನ್ನು ಖರ್ಚುಮಾಡಿದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತದ ಸ್ಥಳಗಳಿಗೆಂದೇ ಮಾನದಂಡವನ್ನು ಪ್ರಕಟಿಸಿ, 15 ನಿಮಿಷಗಳ ಸರಾಸರಿ ಶಬ್ದ 100 ಡೆಸಿಬಲ್ ಮೀರಬಾರದು, ಪ್ರೇಕ್ಷಕರಿಗೆ ಕಿವಿಯ ರಕ್ಷಣಾ ಸಾಧನಗಳು ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡುವ ಶಾಂತ ಸ್ಥಳವಿರಬೇಕು ಎಂದು ಹೇಳಿದೆ. ಎಲ್ಲ ಕಡೆಯೂ ಇದರ ಪಾಲನೆಯಾಗುವವರೆಗೆ ಕಾಯುತ್ತ ಕೂರುವುದು ಜಾಣತನವಲ್ಲ.

ಸಂಗೀತಗಾರರೇ ಇದಕ್ಕೆ ಸಾಕ್ಷಿ ನುಡಿಯುತ್ತಾರೆ. 1976ರಲ್ಲಿ ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ‘ದ ಹೂ’ ತಂಡದ ಕಛೇರಿಯಲ್ಲಿ ಧ್ವನಿವರ್ಧಕಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಅಳೆಯಲಾಯಿತು. ಗಿನ್ನೆಸ್ ಪುಸ್ತಕ ಅದನ್ನು ದಾಖಲೆಯೆಂದು ಮುದ್ರಿಸಿತು. ಅದೇ ತಂಡದ ಗಿಟಾರುವಾದಕ ಪೀಟ್ ಟೌನ್‌ಶೆಂಡ್ ಮುಂದೆ ತಮ್ಮ ಶ್ರವಣಶಕ್ತಿ ಕುಂದಿದುದನ್ನು, ಕಿವಿಯಲ್ಲಿ ನಿಲ್ಲದ ಮೊರೆತವನ್ನು ಬಹಿರಂಗವಾಗಿ ಹೇಳಿಕೊಂಡರು. ಗಿನ್ನೆಸ್‌ನವರು ಆ ಬಗೆಯ ದಾಖಲೆಯನ್ನೇ ಕೈಬಿಟ್ಟರು. ಎಸಿ/ಡಿಸಿ ತಂಡದ ಗಾಯಕ ಬ್ರಯನ್ ಜಾನ್ಸನ್ 2016ರಲ್ಲಿ ಪೂರ್ಣ ಕಿವುಡಾಗುವ ಅಪಾಯವಿದೆಯೆಂಬ ವೈದ್ಯರ ಎಚ್ಚರಿಕೆಯ ಮೇರೆಗೆ ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಕೋಲ್ಡ್‌ಪ್ಲೇ ತಂಡದ ಕ್ರಿಸ್ ಮಾರ್ಟಿನ್ ಕಿವಿಯ ಮೊರೆತಕ್ಕೊಳಗಾಗಿ, ತಾವೂ ಇಯರ್‌ಪ್ಲಗ್ ಧರಿಸುವುದಾಗಿ, ಇತರರೂ ಎಚ್ಚರಿಕೆ ವಹಿಸಬೇಕೆಂದು ಹೇಳಿದ್ದಾರೆ.

ಕಿವಿಗೊಂದು ಕೊಡೆ

ಪರಿಹಾರ ಅತಿ ಸುಲಭ, ಅತಿ ಅಗ್ಗ. ಔಷಧದ ಅಂಗಡಿಗಳಲ್ಲಿ ದೊರೆಯುವ ಮೆದು ಫೋಮಿನ ಇಯರ್‌ಪ್ಲಗ್ ಸಾಕು. ಸರಿಯಾಗಿ ಧರಿಸಿದರೆ ಶಬ್ದ 15 ಡೆಸಿಬಲ್ಲಾದರೂ ಇಳಿಯುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ ನೋಡಿರಿ: 100ರಲ್ಲಿ 15 ಕಳೆದರೆ 85; ಅಂದರೆ 15 ನಿಮಿಷದ ಜಾಗದಲ್ಲಿ 8 ಗಂಟೆ. ಇಷ್ಟು ಅಲ್ಪ ಹೂಡಿಕೆಗೆ ಇಂತಹ ಪ್ರತಿಫಲ ಕೊಡುವ ಯೋಜನೆ ಯಾವ ಬ್ಯಾಂಕಿನಲ್ಲಿಯೂ ಇಲ್ಲ.

ಧರಿಸುವ ಕ್ರಮ ಹೀಗೆ: ಕೈ ತೊಳೆದುಕೊಂಡು ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದು ಪ್ಲಗ್ಗನ್ನು ಒಳಸೇರಿಸಬೇಕು. ಅದು ಹಿಗ್ಗಿ ಕೂರುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಹಿಡಿದಿರಬೇಕು. ಹತ್ತಿಯನ್ನಾಗಲಿ ಕಾಗದವನ್ನಾಗಲಿ ತುರುಕಿಕೊಂಡರೆ ಈ ಪ್ರಯೋಜನ ದೊರೆಯದು. ಸಂಗೀತಗಾರರಿಗೆಂದೇ ತಯಾರಾದ ಸ್ವಲ್ಪ ದುಬಾರಿ ಪ್ಲಗ್ಗುಗಳು ಏರು–ತಗ್ಗು ಸ್ವರಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ಇಳಿಸುವುದರಿಂದ ಸಂಗೀತದ ಬಣ್ಣಗೆಡುವುದಿಲ್ಲ. ಚಿಕ್ಕ ಮಕ್ಕಳಿಗೆ ತಲೆಯ ಮೇಲಿಂದ ತೊಡಿಸುವ ಕಿವಿಮುಚ್ಚುಗವೇ ಯೋಗ್ಯ. ಹಸುಳೆಗಳನ್ನು ಕರೆದೊಯ್ಯದಿರುವುದು ಇನ್ನೂ ಯೋಗ್ಯ.

2025ರ ಜನವರಿಯಲ್ಲಿ ಮಗಳೊಡನೆ ನೆರೂಳಿನ ಕಛೇರಿಗೆ ಹೋಗಿದ್ದೆನು. ಪ್ಲಗ್ಗುಗಳನ್ನು ಕೈಗಿತ್ತಾಗ ಅವಳು, “ಅಪ್ಪಾ, ಕಿವಿ ಮುಚ್ಚಿಕೊಂಡು ಯಾರಾದರೂ ಹಾಡು ಕೇಳುತ್ತಾರೆಯೇ?” ಎಂದು ನಕ್ಕಳು. ಆದರೂ ಹಾಕಿಕೊಂಡಳು. ಎರಡು ಹಾಡುಗಳಾದ ಮೇಲೆ ಪರೀಕ್ಷಿಸಲೆಂದು ತೆಗೆದಳು. ಕ್ಷಣದಲ್ಲಿಯೇ ತಾನಾಗಿ ಮತ್ತೆ ಹಾಕಿಕೊಂಡು, “ಹಾಕಿಕೊಂಡರೇ ಹಾಡಿನ ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ” ಎಂದಳು. ಅವಳ ಮಾತು ಸುಳ್ಳಲ್ಲ. ಅತಿಯಾದ ಶಬ್ದದಲ್ಲಿ ಕಿವಿಯು ಸ್ವರಗಳನ್ನು ಬೇರ್ಪಡಿಸಲಾರದೆ ಕಲಸಿಬಿಡುತ್ತದೆ. ಶಬ್ದವನ್ನು ಇಳಿಸಿದಾಗ ಅದಕ್ಕೆ ಉಸಿರಾಡಲು ಎಡೆ ಸಿಗುತ್ತದೆ.

ಹೊರಡುವ ಮುನ್ನ

ಕಛೇರಿಗೆ ಒಂದೆರಡು ವಾರ ಮೊದಲೇ ಆ ತಂಡದ ಹಾಡುಗಳನ್ನು ಮನೆಯಲ್ಲಿ ಕೇಳಿರಬೇಕು. ರಾಗದ ಪರಿಚಯವಿದ್ದವನಿಗೆ ಆಲಾಪನೆ ಹೇಗೆ ರುಚಿಸುವುದೋ ಹಾಗೆಯೇ ಇದೂ. ತಂಡವು ಪ್ರವಾಸದ ಹಿಂದಿನ ಊರುಗಳಲ್ಲಿ ಯಾವ ಹಾಡುಗಳನ್ನು ಹಾಡಿತೆಂಬುದನ್ನು ಮಕ್ಕಳು ಕ್ಷಣದಲ್ಲಿ ಹುಡುಕಿ ಕೊಡುತ್ತಾರೆ. ಹಿರಿಯರು ಅವರೊಡನೆ ಕುಳಿತು ಕೇಳಿದರೆ, ಎಷ್ಟೋ ದಿನಗಳಿಂದ ನಿಂತುಹೋದ ಮಾತುಕತೆಯೂ ಮತ್ತೆ ಆರಂಭವಾದೀತು.

ಆ ದಿನ ಮಧ್ಯಾಹ್ನ ಹಗುರವಾದ, ಆದರೆ ಹೊಟ್ಟೆತುಂಬ ಊಟ ಮಾಡಬೇಕು. ಒಳಗೆ ಹೊರಗಿನ ಆಹಾರವನ್ನೂ ನೀರಿನ ಬಾಟಲಿಯನ್ನೂ ಬಹುತೇಕ ಬಿಡುವುದಿಲ್ಲ. ಆದುದರಿಂದ ಬೆಳಗಿನಿಂದಲೇ ಆಗಾಗ ನೀರು ಕುಡಿಯುತ್ತಿರಬೇಕು, ಒಳಗೆ ನೀರು ಸಿಗುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಬೆವರು ಸುರಿಯುವಾಗ ಮದ್ಯಪಾನ ದೇಹದ ನೀರನ್ನು ಇನ್ನಷ್ಟು ಕಳೆಯುತ್ತದೆ. ಸಡಿಲವಾದ ಹತ್ತಿಯ ಬಟ್ಟೆ, ಬೆರಳು ಮುಚ್ಚುವ ಹಳೆಯ ಬೂಟುಗಳು ಉತ್ತಮ. ಹೊಸ ಬೂಟು ಕಚ್ಚುತ್ತದೆ, ಚಪ್ಪಲಿ ಜನರ ಕಾಲ್ತುಳಿತಕ್ಕೆ ಸಿಕ್ಕಿ ಕಳಚುತ್ತದೆ.

ಮಧುಮೇಹ, ರಕ್ತದೊತ್ತಡ, ಹೃದ್ರೋಗವಿರುವವರು ಔಷಧಗಳನ್ನು ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಬೇಕು; ನಿಲ್ಲುವ ವಿಭಾಗದ ಬದಲು ಆಸನವಿರುವ ವಿಭಾಗವನ್ನೇ ಆರಿಸಬೇಕು. ಮೂರ್ಛೆರೋಗವಿರುವವರಲ್ಲಿ ಕೆಲವರಿಗೆ ಮಿನುಗುವ ದೀಪಗಳಿಂದ ಮೂರ್ಛೆ ಬರುವ ಸಾಧ್ಯತೆಯಿದೆ. ಅವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮೊಬೈಲಿನ ಬ್ಯಾಟರಿ ಮುಗಿದರೂ, ಜಾಲ ಸಿಗದಿದ್ದರೂ ತೊಂದರೆಯಾಗದಂತೆ ‘ತಪ್ಪಿಸಿಕೊಂಡರೆ ಇಂತಹ ಕಂಬದ ಬಳಿ ಸೇರೋಣ’ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಿಶೇಷ ಅನುಮತಿಯಿಲ್ಲದೆ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ. ಆದಕಾರಣ ಕಛೇರಿಗಳು ಸಾಮಾನ್ಯವಾಗಿ ಬೇಗನೆ ಆರಂಭವಾಗುತ್ತವೆ. ತಡವಾಗಿ ಹೋದವರಿಗೆ ಉಳಿಯುವುದು ಬಾಲವೇ.

ಜನಸಂದಣಿ

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದ ಹೂ’ ತಂಡದ ಕಛೇರಿಗೆ ಮೊದಲೇ ಬಂದವರಿಗೆ ಮುಂದಿನ ಜಾಗ ಎಂಬ ವ್ಯವಸ್ಥೆಯಿತ್ತು. ಒಳಗಿನಿಂದ ಸಂಗೀತದ ಸದ್ದು ಕೇಳಿ, ಕಛೇರಿ ಆರಂಭವಾಯಿತೆಂದು ಜನ ನುಗ್ಗಿದರು. ತೆರೆದಿದ್ದ ಬಾಗಿಲುಗಳು ಕೆಲವೇ. 11 ಮಂದಿ ಬಾಗಿಲ ಹೊರಗೇ ಪ್ರಾಣ ಬಿಟ್ಟರು. 2023ರ ನವೆಂಬರಿನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಸಂಗೀತ ಕಾರ್ಯಕ್ರಮದ ನೂಕುನುಗ್ಗಲಿನಲ್ಲಿ ನಾಲ್ವರು ತೀರಿಕೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವದಲ್ಲಿ ಮಡಿದವರೂ 11 ಮಂದಿಯೇ. ಇವರೆಲ್ಲ ಸಂತೋಷಕ್ಕೆಂದು ಮನೆಯಿಂದ ಹೊರಟವರು. ಅಪಾಯವು ವೇದಿಕೆಯ ಮುಂದಿಗಿಂತ ಹೆಚ್ಚಾಗಿ ಬಾಗಿಲು, ಮೆಟ್ಟಿಲು, ಇಕ್ಕಟ್ಟಿನ ದಾರಿಗಳಲ್ಲಿ ಕಾದಿರುತ್ತದೆಂಬುದನ್ನು ಇದರಿಂದ ಕಲಿಯಬೇಕು.

ಇಂತಹ ಕಡೆ ಸಾವು ಬರುವುದು ಹೆಚ್ಚಾಗಿ ತುಳಿತದಿಂದಲ್ಲ, ಎದೆಯ ಮೇಲಿನ ಒತ್ತಡದಿಂದ ಉಸಿರುಕಟ್ಟಿ. ಸುತ್ತಲಿನವರ ಭುಜ ಎಲ್ಲ ಕಡೆಯಿಂದಲೂ ತಾಗತೊಡಗಿದರೆ ಆಗಲೇ ಹೊರಬರುವ ಹೊತ್ತು. ಸಿಕ್ಕಿಕೊಂಡಲ್ಲಿ ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಜನರ ಒತ್ತಡಕ್ಕೆ ಎದುರಾಗಿ ನೂಕದೆ, ಅಲೆ ಸ್ವಲ್ಪ ನಿಂತಾಗ ಓರೆಯಾಗಿ ಅಂಚಿನತ್ತ ಸರಿಯಬೇಕು. ಗೋಡೆ, ಕಟಕಟೆಗಳಿಂದ ದೂರವಿರಬೇಕು. ಬಿದ್ದ ವಸ್ತುವನ್ನು ಎತ್ತಿಕೊಳ್ಳಲು ಬಗ್ಗಬಾರದು. ಬಿದ್ದ ಮನುಷ್ಯನನ್ನು ಮಾತ್ರ ಕೂಡಲೇ ಎಬ್ಬಿಸಬೇಕು. ಕಿರುಚುವುದರಲ್ಲಿ ಉಸಿರನ್ನು ಕಳೆಯಬಾರದು. ಒಳಹೊಕ್ಕ ಕೂಡಲೇ ಹೊರಹೋಗುವ ಎರಡು ದಾರಿಗಳನ್ನು ಗುರುತಿಸಿಟ್ಟುಕೊಳ್ಳಬೇಕು.

ಸವಿಯುವ ಬಗೆ

ಇಷ್ಟೆಲ್ಲ ಎಚ್ಚರಿಕೆಯ ಮಾತು ಕೇಳಿ, ಹೋಗದಿರುವುದೇ ಲೇಸೆಂದು ಯಾರೂ ತೀರ್ಮಾನಿಸಬಾರದು. ಎಚ್ಚರಿಕೆಯೆಲ್ಲ ಸವಿಗಾಗಿಯೇ.

ಧ್ವನಿ ನಿಯಂತ್ರಣದ ಮೇಜು ಮೈದಾನದ ನಡುವೆ ಇರುತ್ತದೆ. ಅಲ್ಲಿ ಕುಳಿತ ತಂತ್ರಜ್ಞನು ತನ್ನ ಕಿವಿಗೆ ಹಿತವಾಗುವಂತೆ ವಾದ್ಯಗಳನ್ನು ಹದಗೊಳಿಸುವುದರಿಂದ ಅದರ ಆಸುಪಾಸಿನಲ್ಲಿ ನಿಂತವರಿಗೆ ಸಂಗೀತ ಅತ್ಯಂತ ಸಮತೋಲವಾಗಿ ಕೇಳುತ್ತದೆ. ಧ್ವನಿವರ್ಧಕದ ಎದುರಿಗೇ ನಿಲ್ಲುವುದು ಕಿವಿಗೂ ಕೆಟ್ಟದ್ದು, ಸಂಗೀತಕ್ಕೂ ಕೆಟ್ಟದ್ದು. ದೂರದ ಆಸನದಲ್ಲಿ ಕುಳಿತಾಗ ಡ್ರಮ್ಮಿನ ಮೇಲೆ ಕೋಲು ಬಿದ್ದ ಮೇಲೆ ಸದ್ದು ಕೇಳುವುದನ್ನು ಗಮನಿಸಿರಿ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 100 ಮೀಟರ್ ದೂರಕ್ಕೆ ಸುಮಾರು 0.3 ಸೆಕೆಂಡು ತಡವಾಗುತ್ತದೆ. ದೊಡ್ಡ ಮೈದಾನಗಳಲ್ಲಿ ನಡುವೆ ನಿಲ್ಲಿಸಿದ ಗೋಪುರಗಳ ಧ್ವನಿವರ್ಧಕಗಳನ್ನು ಇದೇ ಲೆಕ್ಕದಂತೆ ಬೇಕೆಂದೇ ತಡಮಾಡಿಸಿ, ಎರಡು ಸದ್ದುಗಳು ಒಂದಾಗಿ ಕೇಳುವಂತೆ ಮಾಡುತ್ತಾರೆ.

ಮೊದಲ ಹಾಡಿನಲ್ಲಿ ಡ್ರಮ್ಸನ್ನು ಮಾತ್ರ ಅನುಸರಿಸಿರಿ. ತಾಳದ ಹಿಡಿತ ಸಿಗುತ್ತದೆ. ಮುಂದಿನದರಲ್ಲಿ ಬೇಸ್ ಗಿಟಾರನ್ನು. ನಮ್ಮ ಮೃದಂಗ–ತಂಬೂರಿಗಳ ಹೊಣೆಯನ್ನು ಇವು ಒಂದಿಷ್ಟು ಹಂಚಿಕೊಂಡಿರುವುದು ತಿಳಿಯುತ್ತದೆ. ಗಿಟಾರುವಾದಕನು ಒಬ್ಬನೇ ಮನೋಧರ್ಮದಿಂದ ವಿಸ್ತರಿಸುವ ಘಟ್ಟ ಬಂದಾಗ, ಯಾವ ಸಂಪ್ರದಾಯದ ರಸಿಕನಾದರೂ ಕಿವಿ ನಿಮಿರಿಸದೆ ಇರಲಾರ. ಇಡೀ ಸಂಜೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುವ ಗೀಳು ಬೇಡ. ಒಂದು ಹಾಡಿಗೆ ಅಷ್ಟು ಸಾಕು. ನೆರೂಳಿನಲ್ಲಿ ಪ್ರೇಕ್ಷಕರ ಮಣಿಕಟ್ಟಿಗೆ ಕೊಟ್ಟಿದ್ದ ಮಿನುಗುವ ಪಟ್ಟಿಗಳು ಸಂಗೀತಕ್ಕೆ ತಕ್ಕಂತೆ ಏಕಕಾಲಕ್ಕೆ ಬಣ್ಣ ಬದಲಿಸಿದಾಗ ಇಡೀ ಕ್ರೀಡಾಂಗಣವೇ ಒಂದು ದೀಪೋತ್ಸವದಂತೆ ಕಂಡಿತು. ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡುವುದು ಜಾತ್ರೆಯ ತೇರನ್ನು ಕಿಟಕಿಯ ಸಂದಿನಿಂದ ನೋಡಿದಂತೆ. ಹಾಡಿನ ನಡುವೆ ಒಮ್ಮೆ ಹತ್ತು ನಿಮಿಷ ಹೊರಗಿನ ಮೊಗಸಾಲೆಗೆ ಹೋಗಿಬಂದರೆ ಕಿವಿಗೂ ಕಾಲಿಗೂ ವಿಶ್ರಾಂತಿ.

ಮರಳಿದ ಮೇಲೆ

ಕಡೆಯ ಹಾಡು ಮುಗಿದೊಡನೆ ಬಾಗಿಲಿಗೆ ಧಾವಿಸದೆ ಕಾಲು ಗಂಟೆ ಕುಳಿತಿದ್ದು ಹೊರಡುವುದು ಕ್ಷೇಮ. ಕಿವಿಯಲ್ಲಿ ಗುಂಯ್ ಎಂಬ ಸದ್ದು ಅಥವಾ ಹತ್ತಿ ತುಂಬಿದಂತಹ ಭಾವವಿದ್ದರೆ ಅದು ರೋಮಕೋಶಗಳು ದಣಿದಿರುವುದರ ಸೂಚನೆ. ಮರುದಿನ ಕಿವಿಗೆ ಪೂರ್ಣ ವಿಶ್ರಾಂತಿ ಕೊಡಬೇಕು, ಇಯರ್‌ಫೋನ್ ಮುಟ್ಟಬಾರದು. ಎರಡು ದಿನಗಳಾದರೂ ಮೊರೆತ ನಿಲ್ಲದಿದ್ದರೆ ಕಿವಿ–ಮೂಗು–ಗಂಟಲಿನ ತಜ್ಞರನ್ನು ಕಾಣಬೇಕು. ಒಂದು ಕಿವಿಯೇ ಹಠಾತ್ತನೆ ಕೇಳದಂತಾದರೆ ಒಂದು ದಿನವೂ ಕಾಯಬಾರದು. ಅದಕ್ಕೆ ಚಿಕಿತ್ಸೆಯಿದೆ, ಆದರೆ ತಡವಾದಂತೆ ಫಲ ಕಡಿಮೆ.

ಕಡೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು ರಾಕ್ ಕಛೇರಿಗೆ ಹೋಗುವೆವೆಂದಾಗ ‘ಬೇಡ’ ಎನ್ನುವುದಕ್ಕೆ ಮೊದಲು, ‘ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ’ ಎಂದು ಕೇಳಿ, ಒಂದು ಜೊತೆ ಇಯರ್‌ಪ್ಲಗ್ಗನ್ನು ಕೈಯಲ್ಲಿಡಿರಿ. ಸಾಧ್ಯವಾದರೆ ತಾವೂ ಜೊತೆಗೆ ಹೋಗಿರಿ. ನಮ್ಮ ಮಕ್ಕಳು ನಲವತ್ತು, ಐವತ್ತು ವರ್ಷಗಳ ಅನಂತರ ತಮ್ಮ ಮೊಮ್ಮಕ್ಕಳ ಪಿಸುಮಾತನ್ನೂ, ಮಾಘದ ಬೆಳಗಿನ ಹಕ್ಕಿಯ ಕೂಗನ್ನೂ, ಭೀಮಸೇನ ಜೋಶಿಯವರ ಷಡ್ಜವನ್ನೂ ಸ್ಪಷ್ಟವಾಗಿ ಕೇಳುವಂತಿರಲಿ. ಅದಕ್ಕೆ ಬೇಕಾದ ಉಳಿತಾಯವನ್ನು ಇಂದೇ ಆರಂಭಿಸಬೇಕು.